ಅಂಗಿಯ ಚುಂಗು

ನಮ್ಮ ಮಾವನ ಮನೆಯ ಹಿತ್ತಿಲ ಜಗುಲಿಯ ಗೋಡೆಗೆ ನಲವತ್ತೊಂದು ಬಟ್ಟೆ ತುಂಡುಗಳನ್ನು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಒಂದೊಂದೂ ಯಾರೋ ಒಬ್ಬರ ಅಂಗಿಯ ಹಿಂದಿನ ಚುಂಗು. ಅದರ ಮೇಲೆ ಅವರ ಹೆಸರು, ಇಸವಿ. ಬೇಟೆಯಲ್ಲಿ ಕಾಡಿನ ಟರ್ಕಿ ಕೋಳಿಯ ಹುಂಜ ಎದುರಿಗೆ ಬಂದು ನಿಂತಾಗ ಕೋವಿ ಹಾರಿಸಿ ಗುರಿ ತಪ್ಪಿದವರು ಮನೆಗೆ ಬಂದು ಒಪ್ಪಿಕೊಳ್ಳಬೇಕು, ಬೆನ್ನು ತಿರುಗಿಸಿ ನಿಲ್ಲಬೇಕು, ಚುಂಗು ಕತ್ತರಿಸಿಕೊಳ್ಳಬೇಕು. ಆಮೇಲೆ ಅದೇ ಹರಕು ಅಂಗಿಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂರಬೇಕು. ಬಿಸಿಲು ಕಣ್ಣಿಗೆ ಹೊಡೆಯಿತು, ನೊಣ ಮೂಗಿಗೆ ಹೋಯಿತು ಎನ್ನುವ ಸಬೂಬುಗಳನ್ನು ಈ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಾವ ವರ್ಲಿನ್ ಅವರದು ನಾಲ್ಕಿವೆ. ಅತ್ತೆ ಡೆಲ್ಫಿಯಾ ಅವರದು ಎರಡು. ಪಾದ್ರಿಗಳದ್ದೂ ಒಂದಿದೆ. ನನ್ನ ಹೆಂಡತಿ ಲಿನೆಟ್‌ಳದು ಮೂರು. ಅದರಲ್ಲೊಂದು ನಾವಿಬ್ಬರೂ ಮದುವೆಗೆ ಮುಂಚೆ ಓಡಾಡುತ್ತಿದ್ದ ವರ್ಷದ್ದು. ಹುಂಜವನ್ನು ನೋಡುವ ಬದಲು ನನ್ನನ್ನು ನೋಡುತ್ತಿದ್ದಳಂತೆ, ನಾನು ನಂಬಿದ್ದೇನೆ. ಭಾಮೈದ ಗಾರ್ಲೆಂಡ್‌ನದು ಏಳು. ಬೇಟೆಯ ಹಂಗಾಮು ಬಂತೆಂದರೆ ಅವನ ಹೆಂಡತಿ ಅವನ ಒಳ್ಳೆಯ ಅಂಗಿಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿಯುತ್ತಾಳೆ.

ನನ್ನದು ಒಂದೂ ಇರಲಿಲ್ಲ. ಹದಿಮೂರು ವಸಂತ ಕಳೆದರೂ ಒಂದೂ ಇರಲಿಲ್ಲ.

ನಾನು ಅಯೋವಾದ ಬಯಲಿನವನು. ನಮ್ಮ ಕಡೆ ಗುಡ್ಡ ನೋಡಬೇಕೆಂದರೆ ಗೊಬ್ಬರದ ರಾಶಿ ನೋಡಬೇಕು. ನಮ್ಮಪ್ಪ ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತಿದ್ದರು, ಮನೆಯಲ್ಲಿ ಕೋವಿ ಇರಲಿಲ್ಲ. ಅಂಥವನು ಈ ಓಝಾರ್ಕ್ ಗುಡ್ಡಗಳ ಮನೆಗೆ ಅಳಿಯನಾಗಿ ಬಂದಾಗ, ಇವನು ಮೊದಲ ವರ್ಷವೇ ಗುರಿ ತಪ್ಪುತ್ತಾನೆ ಎಂದು ಎಲ್ಲರೂ ಬಾಯಿ ಚಪ್ಪರಿಸಿಕೊಂಡು ಕಾದಿದ್ದರು. ನಾನು ಚಳಿಗಾಲವಿಡೀ ಕಾಗದದ ಮೇಲೆ ಗುರಿ ಅಭ್ಯಾಸ ಮಾಡಿ ವಸಂತಕ್ಕೆ ಹುಂಜ ತಂದೆ. ಮರುವರ್ಷವೂ ತಂದೆ. ಒಮ್ಮೆಯೂ ಗುರಿ ತಪ್ಪದವರ ಕೈಯಲ್ಲಿ ಕತ್ತರಿ ಇರಬೇಕು ಎಂಬುದು ಆ ಮನೆಯ ಪದ್ಧತಿ. ಅಲ್ಲಿಂದ ಕತ್ತರಿ ನನ್ನದಾಯಿತು, ನನ್ನನ್ನು ಹಿಡಿಯುವವರಿಲ್ಲವಾಯಿತು. ಒಂದೊಂದು ಚುಂಗು ಕತ್ತರಿಸುವಾಗಲೂ ಭಾಷಣ ಮಾಡುತ್ತಿದ್ದೆ. ಗಾರ್ಲೆಂಡ್‌ನ ಆರನೆಯದಕ್ಕೆ ಮಾಡಿದ ಭಾಷಣಕ್ಕೆ ಪಾದ್ರಿಗಳೇ ಕಣ್ಣೊರೆಸಿಕೊಂಡು ನಕ್ಕಿದ್ದರು.

ಒಳಗಿನ ಸತ್ಯ ಬೇರೆ. ಒಮ್ಮೆ ತಪ್ಪಿದರೆ ಸಾಕು, 'ಹೋಗಲಿ ಬಿಡಿ, ಎಷ್ಟಾದರೂ ಬಯಲಿನವನು' ಎಂದುಬಿಡುತ್ತಾರೆ ಎಂಬ ಹೆದರಿಕೆ ನನಗೆ. ಹಾಗಾಗಿ ನೂರಕ್ಕೆ ನೂರು ಖಾತ್ರಿಯಿಲ್ಲದೆ ಹಾರಿಸುತ್ತಲೇ ಇರಲಿಲ್ಲ. ಎಷ್ಟೋ ಹುಂಜಗಳನ್ನು ನೋಡಿ ನೋಡಿ ಬಿಟ್ಟಿದ್ದೇನೆ. ಅವರೆಲ್ಲ ನನ್ನನ್ನು ಒಳ್ಳೆಯ ಗುರಿಕಾರ ಎಂದುಕೊಂಡಿದ್ದರು. ನಾನು ಒಳ್ಳೆಯ ಪುಕ್ಕಲ.

ಈ ವರ್ಷ ನನ್ನ ಮಗಳು ಓಪಲ್‌ಗೆ ಆರು ತುಂಬಿತು. ತಾನೂ ಬರುತ್ತೇನೆಂದು ಮಾರ್ಚಿಯಿಂದಲೇ ಹಟ ಹಿಡಿದಿದ್ದಳು. ಅವಳು ಚರ್ಚಿನಲ್ಲಿ ಹತ್ತು ನಿಮಿಷ ಅಲುಗಾಡದೆ ಕೂತದ್ದನ್ನು ನಾನು ಕಂಡಿಲ್ಲ. ಟರ್ಕಿಯೋ ರೆಪ್ಪೆ ಬಡಿದರೂ ಓಡುವ ಪ್ರಾಣಿ. ಏನೋ ನೆಪ ಹೇಳಿಕೊಂಡು ದೂಡುತ್ತ ಬಂದೆ. ಹಂಗಾಮಿನ ಕಡೆಯ ಶನಿವಾರ ಬಂತು. ಅದರ ಜೊತೆಗೇ ಗಾಳಿಯೂ ಬಂತು.

ಗಾಳಿಯೆಂದರೆ ಅಂಥಿಂಥ ಗಾಳಿಯಲ್ಲ. ಅತ್ತೆ ತಂತಿಯ ಮೇಲೆ ಹಾಕಿದ್ದ ಹೊದಿಕೆ ಬೇಲಿ ಹಾರಿ ಪಕ್ಕದವರ ಕರುವಿನ ಮೈಮೇಲೆ ಬಿದ್ದಿತ್ತು. ಬೆಳಗಿನ ತಿಂಡಿಗೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದ್ದೆವು. ನಾನು ಓಪಲ್‌ಳ ಬೂಟಿನ ದಾರ ಕಟ್ಟುವುದನ್ನು ಕಂಡು ಗಾರ್ಲೆಂಡ್ ಬಾಯಿಗೆ ಹೋಗುತ್ತಿದ್ದ ಚಮಚ ಕೆಳಗಿಟ್ಟ.

"ಭಾವ, ಈ ಗಾಳೀಲಿ ಕೋಳಿ ಬರಲ್ಲ. ಕೋಳಿ ಪುಕ್ಕ ಬರುತ್ತೆ ಅಷ್ಟೆ."

"ನಿಂಗೆ ಗಾಳಿ ಇಲ್ದಿದ್ರೂ ಪುಕ್ಕಾನೇ ಅಲ್ವೇನೋ ಸಿಗೋದು?" ಎಂದೆ.

ಮಾವ ಕಾಫಿ ಲೋಟದೊಳಗೇ ನಕ್ಕರು. ಅವರು ಮಾತು ಕಡಿಮೆ ಆಡುವ ಮನುಷ್ಯ.

"ಅಳಿಯಂದಿರು ಲೆಕ್ಕಾಚಾರ ಇಲ್ದೆ ಹೊರಡೋರಲ್ಲ," ಎಂದರು.

ನಿಜ, ನನ್ನದೊಂದು ಲೆಕ್ಕಾಚಾರವಿತ್ತು. ಗಾಳಿ ಬೀಸುವಾಗ ಹುಲ್ಲು, ಎಲೆ, ಕೊಂಬೆ ಎಲ್ಲವೂ ಅಲುಗಾಡುತ್ತವೆ. ಅವುಗಳ ನಡುವೆ ಒಂದು ಮಗು ಅಲುಗಾಡಿದರೆ ಯಾವ ಹುಂಜಕ್ಕೆ ಗೊತ್ತಾಗುತ್ತದೆ? ಅದಕ್ಕೆ ಮಾತೂ ಕೇಳುವುದಿಲ್ಲ, ಮಗಳು ಎಷ್ಟು ಬೇಕಾದರೂ ಹರಟಬಹುದು. ಅಲ್ಲದೆ ಗಾಳಿಯ ದಿನ ಈ ಹಕ್ಕಿಗಳಿಗೆ ಕಾಡಿನೊಳಗೆ ಭಯ. ನರಿ ಬಂದರೂ ಸಪ್ಪಳ ಕೇಳಿಸದಲ್ಲ. ಅದಕ್ಕೇ ಗುಡ್ಡದ ಮರೆಯ ಹುಲ್ಲುಬಯಲಿಗೆ ಇಳಿದು ಕಣ್ಣನ್ನೇ ನಂಬಿಕೊಂಡು ಮೇಯುತ್ತವೆ. ಬಯಲಿನ ನಡುವೆ, ದೂರದಲ್ಲಿ ನಿಲ್ಲುತ್ತವೆ ಎಂದುಕೊಂಡು ಕೋವಿಯ ಬಾಯಿಗೆ ನನ್ನಲ್ಲಿದ್ದ ಅತಿ ಬಿಗಿಯಾದ ತುದಿನಳಿಕೆಯನ್ನು ತಿರುಗಿಸಿ ಕೂರಿಸಿದೆ. ಅದು ಹಾಕಿದರೆ ಚಿಲ್ಲುಗುಂಡುಗಳು ಚೆಲ್ಲಾಪಿಲ್ಲಿಯಾಗದೆ ಒತ್ತಾಗಿ ಹೋಗಿ, ನಲವತ್ತು ಹೆಜ್ಜೆಯ ಆಚೆ ಒಂದು ಊಟದ ತಟ್ಟೆಯಷ್ಟಗಲ ಬೀಳುತ್ತವೆ. ಬಹಳ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡೆ.

ನಿಜವಾದ ಬೇಟೆಗಾರರು ನಸುಕಿಗೆ ಮುಂಚೆ ಹೋಗಿ ಕೂರುತ್ತಾರೆ. ನಾವು ಎಂಟೂವರೆಗೆ, ಎರಡು ಸುತ್ತು ತಿಂಡಿ ತಿಂದು ಹೊರಟೆವು. ಓಪಲ್ ಅವಳಮ್ಮನ ಎಲೆಬಣ್ಣದ ಅಂಗಿ ತೊಟ್ಟು ತೋಳನ್ನು ನಾಲ್ಕು ಮಡಿಕೆ ಮಡಿಸಿದ್ದಳು. ಮುಖಕ್ಕೆ ಇದ್ದಿಲ ಪುಡಿ ಹಚ್ಚಿದ್ದೆ. ತನಗೆ ಮೀಸೆಯೂ ಬೇಕೆಂದು ಬರೆಸಿಕೊಂಡಳು. ಅವಳ ಚೀಲದಲ್ಲಿ ಮಾಂಸ ತುಂಬಿದ ಮೂರು ಬನ್ನು, ಒಂದು ಸೇಬು, ಒಂದು ಪ್ಲಾಸ್ಟಿಕ್ ಕುದುರೆ ಇದ್ದವು.

ಬಯಲಿನ ಅಂಚಿನಲ್ಲಿ, ಮೇಲೆ ಒಣಕೊಂಬೆಗಳಿಲ್ಲದ ಕಡೆ, ಒಂದು ದಪ್ಪ ಕಾಂಡಕ್ಕೆ ಒರಗಿ ಕೂತೆವು. ಮುಂದೆ ಏಳೆಂಟು ಹೆಜ್ಜೆ ದೂರದಲ್ಲಿ ಹುಂಜವನ್ನು ಸೆಳೆಯಲು ಬೊಂಬೆ ಹೇಂಟೆಯನ್ನು ನೆಟ್ಟೆ. ಗಾಳಿಗೆ ಅದು ಬುಗುರಿಯಂತೆ ಗಿರಗಿರ ತಿರುಗತೊಡಗಿತು. ಬಾಲದ ಎರಡೂ ಪಕ್ಕಕ್ಕೆ ಕಡ್ಡಿ ಚುಚ್ಚಿ ನಿಲ್ಲಿಸಿದೆ. ಭಾನುವಾರದ ಪಾಠ ಹೇಳಿಕೊಡುವ ಬರ್ನೀಸ್ ಟೀಚರ ಕತ್ತು ಥೇಟ್ ಹೀಗೇ ಇದೆ ಎಂದು ಓಪಲ್ ಅದಕ್ಕೆ ಬರ್ನೀಸ್ ಎಂದೇ ಹೆಸರಿಟ್ಟಳು.

"ಅಪ್ಪ, ಈಗ ನಾನೇನ್ ಮಾಡ್ಲಿ?"

"ಇದನ್ನ ಉಜ್ಜು," ಎಂದು ಕೂಗುಪೆಟ್ಟಿಗೆ ಕೊಟ್ಟೆ. ಮರದ ಪುಟ್ಟ ಪೆಟ್ಟಿಗೆ, ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೇಂಟೆ ಕರೆದಂತೆ ಸದ್ದು ಬರುತ್ತದೆ. ಬಲ್ಲವರು ಎರಡೋ ಮೂರೋ ಸಲ ಮೆಲ್ಲಗೆ ಉಜ್ಜಿ ಅರ್ಧ ಗಂಟೆ ಸುಮ್ಮನಿರುತ್ತಾರೆ. ಓಪಲ್ ಅರ್ಧ ಗಂಟೆ ಒಂದೇ ಸಮ ಉಜ್ಜಿದಳು. ಎಣ್ಣೆ ಕಾಣದ ಬಾಗಿಲನ್ನು ಯಾರೋ ಸಿಟ್ಟಿನಿಂದ ತೆಗೆದು ಹಾಕುತ್ತಿರುವಂತಿತ್ತು ಆ ಸದ್ದು. ಬೇರೆ ದಿನವಾಗಿದ್ದರೆ ಮೂರು ಊರಿನ ಟರ್ಕಿಗಳು ವಲಸೆ ಹೋಗುತ್ತಿದ್ದವು. ಈ ಗಾಳಿಗೆ ಅಷ್ಟಾದರೂ ಬೇಕಿತ್ತು ಎಂದು ಸುಮ್ಮನಿದ್ದೆ.

ನಡುವೆ ಅವಳು ಎರಡು ಬನ್ನು ತಿಂದಳು. ಹಾಡು ಹೇಳಿದಳು. ಪೊದೆಯ ಹಿಂದೆ ಹೋಗಿ ಬಂದಳು. ಪ್ಲಾಸ್ಟಿಕ್ ಕುದುರೆಗೆ ಹುಲ್ಲು ತಿನ್ನಿಸಿದಳು. ನಾನು ಬಯಲಿನ ಆ ತುದಿಯಲ್ಲೇ ಕಣ್ಣು ನೆಟ್ಟು ಕೂತಿದ್ದೆ. ಹನ್ನೊಂದು ದಾಟಿತ್ತು. ಇಷ್ಟು ಸುಖವಾಗಿ ನಾನು ಯಾವತ್ತೂ ಬೇಟೆಗೆ ಕೂತಿರಲಿಲ್ಲ.

"ಅಪ್ಪ," ಎಂದಳು, "ಬರ್ನೀಸ್ ಹಿಂದೆ ಯಾರೋ ನಿಂತಿದಾರೆ."

ಮೆಲ್ಲಗೆ ತಿರುಗಿದೆ. ಬೊಂಬೆಯ ಹಿಂದೆ, ಅದರ ಭುಜಕ್ಕೆ ಭುಜ ತಾಗಿಸಿಕೊಂಡು, ದೊಡ್ಡ ಹುಂಜ ನಿಂತಿತ್ತು. ತಲೆ ಕೆಂಪು, ನೀಲಿ. ಎದೆಯ ಮೇಲೆ ಒಂದು ಗೇಣು ಉದ್ದದ ಕುಚ್ಚು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಬರ್ನೀಸ್ ಮುಂದೆ ಠೀವಿ ತೋರಿಸಬೇಕೆಂದು ಅದರ ಆಸೆ. ಬಿಚ್ಚಿದಾಗಲೆಲ್ಲ ಗಾಳಿ ಬಾಲಕ್ಕೆ ಹೊಡೆದು ಅದನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ತಳ್ಳುತ್ತಿತ್ತು. ಮತ್ತೆ ಸಾವರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಬಂದು ನಿಲ್ಲುತ್ತಿತ್ತು.

"ನಂಗಿಂತ ಎತ್ತರ ಇದೆ," ಎಂದು ಓಪಲ್ ಉಸುರಿದಳು.

"ಕಿವಿ ಮುಚ್ಕೋ ಪುಟ್ಟಿ."

ಹುಂಜ ನಮ್ಮಿಂದ ಏಳು ಹೆಜ್ಜೆ ದೂರದಲ್ಲಿತ್ತು. ಇಷ್ಟು ಹತ್ತಿರ ಬಂದ ಹಕ್ಕಿಗೆ ನಾನು ಜನ್ಮದಲ್ಲೇ ಕೋವಿ ಎತ್ತಿರಲಿಲ್ಲ. ಕುರುಡನೂ ಹೊಡೆಯಬಹುದು ಎನ್ನಿಸಿತು. ಅಲ್ಲೇ ಕೆಟ್ಟೆ. ನಲವತ್ತು ಹೆಜ್ಜೆಗೆ ತಟ್ಟೆಯಷ್ಟಗಲವಾಗುವ ಗುಂಡು ಏಳು ಹೆಜ್ಜೆಗೆ ಒಂದು ನಿಂಬೆಹಣ್ಣಿನಷ್ಟೂ ಆಗಿರುವುದಿಲ್ಲ. ಕೂದಲೆಳೆ ಆಚೀಚೆಯಾದರೂ ಮುಗಿಯಿತು. ಅದು ನೆನಪಾಗುವ ಹೊತ್ತಿಗೆ ಬೆರಳು ಕೋವಿಯ ಕುದುರೆಯನ್ನು ಒತ್ತಿಯಾಗಿತ್ತು.

ಹುಂಜ ಮೇಲಕ್ಕೆ ಹಾರಿತು, ಗಾಳಿ ಅದನ್ನು ಎತ್ತಿಕೊಂಡಿತು, ಬೇಲಿಯ ಮೇಲೆ ಅಡ್ಡಡ್ಡಲಾಗಿ ತೇಲಿ ಕಾಡಿನೊಳಗೆ ಹೋಯಿತು. ಒಂದು ಪುಕ್ಕವೂ ಉದುರಲಿಲ್ಲ. ಬರ್ನೀಸ್ ಮಾತ್ರ ಮಕಾಡೆ ಬಿದ್ದಿದ್ದಳು, ಅವಳ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ತೂತು.

"ಹೋಯ್ತಾ?" ಎಂದಳು ಓಪಲ್.

"ಹೋಯ್ತು."

ಹದಿಮೂರು ವರ್ಷ ಕಾಪಾಡಿಕೊಂಡಿದ್ದು ಏಳು ಹೆಜ್ಜೆಯಲ್ಲಿ ಹೋಯಿತು. ಗಾರ್ಲೆಂಡ್‌ನ ಮುಖ ಕಣ್ಣ ಮುಂದೆ ಬಂತು. ಆಮೇಲೆ ಹೊಳೆಯಿತು: ಗಾಳಿ ಮನೆಯ ಕಡೆಯಿಂದ ಇತ್ತ ಬೀಸುತ್ತಿದೆ. ಮನೆ ಗುಡ್ಡದ ಆಚೆ. ಈ ಸದ್ದು ಯಾರಿಗೂ ಕೇಳಿರಲು ಸಾಧ್ಯವೇ ಇಲ್ಲ. ಖಾಲಿ ತೋಟಾವನ್ನು ಹುಲ್ಲಿನಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಬರ್ನೀಸಳನ್ನು ಚೀಲದ ತಳಕ್ಕೆ ತುರುಕಿದೆ. ನಾಚಿಕೆಯಾಗಬೇಕಿತ್ತು, ಆಗ ಆಗಲಿಲ್ಲ.

"ಪುಟ್ಟಿ, ಈಗ ಆದದ್ದನ್ನ ಮನೇಲಿ ಹೇಳೋದು ಬೇಡ. ನಮ್ಮಿಬ್ರ ಗುಟ್ಟು."

"ಯಾಕೆ?"

"ಯಾಕೂ ಇಲ್ಲ. ಸುಮ್ನೆ."

ಅವಳು ಪ್ಲಾಸ್ಟಿಕ್ ಕುದುರೆಯನ್ನು ಕೆಳಗಿಟ್ಟಳು. ತುಟಿ ನಡುಗತೊಡಗಿತು. ಇದ್ದಿಲಿನ ಮೀಸೆಯೂ ನಡುಗಿತು.

"ಹಂಗಾದ್ರೆ ನಿನ್ ಬಟ್ಟೆ?"

"ಯಾವ ಬಟ್ಟೆ?"

"ಗೋಡೆ ಬಟ್ಟೆ. ನನ್ ಮೊಲಕ್ಕೆ ಜಾತ್ರೆ ಸ್ಪರ್ಧೇಲಿ ಗೆಲ್ದೇ ಇದ್ರೂ ಬಿಳೀ ರಿಬ್ಬನ್ ಬಹುಮಾನ ಬಂದಿತ್ತಲ್ಲ, ಹಂಗೆ. ಕೋಳಿ ತಂದೋರಿಗೆ ಕೋಳಿ ಇರುತ್ತೆ. ತರದೇ ಇದ್ದೋರಿಗೆ ಬಟ್ಟೆ ಕೊಡ್ತಾರೆ. ಗಾರ್ಲೆಂಡ್ ಮಾವಂಗೆ ಏಳಿದೆ. ಅಮ್ಮಂಗೆ ಮೂರಿದೆ. ಅಜ್ಜಿಗೂ ಇದೆ, ಪಾದ್ರಿಗೂ ಇದೆ." ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು. "ನೀನು ಎಲ್ಲರಿಗೂ ಭಾಷಣ ಮಾಡಿ ಕೊಡ್ತೀಯ. ಎಲ್ಲರೂ ಚಪ್ಪಾಳೆ ಹೊಡೀತಾರೆ. ನಿಂಗೆ ಯಾರೂ ಕೊಡಲ್ಲ."

ನನಗೆ ನಗು ಬಂತು. ಇನ್ನೇನು ಬಿಡಿಸಿ ಹೇಳಬೇಕು, ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಈಗ ನಂಗೆ ಓದಕ್ಕೆ ಬರುತ್ತಲ್ಲ, ಎಲ್ಲಾ ಹೆಸ್ರೂ ಓದಿದೆ. ಎರಡು ಸಲ ಓದಿದೆ. ನಿಂದೊಂದಿಲ್ಲ. ಅಪ್ಪ ಈ ಮನೆಯೋರಲ್ವಾ ಅಂತ ಅಮ್ಮನ್ನ ಕೇಳಿದೆ. ಅಮ್ಮ ನಕ್ಕುಬಿಟ್ಲು."

ನಾನು ಹದಿಮೂರು ವರ್ಷದಿಂದ ಯಾರನ್ನೂ ಕೇಳದೆ, ನನ್ನನ್ನು ನಾನೂ ಕೇಳಿಕೊಳ್ಳದೆ ಒಳಗಿಟ್ಟುಕೊಂಡಿದ್ದ ಪ್ರಶ್ನೆ ಅದು. ಈ ಮಗು ಗೋಡೆಯ ಮುಂದೆ ನಿಂತು ನನ್ನ ಪರವಾಗಿ ಸಂಕಟಪಟ್ಟಿತ್ತು. ಅವಳನ್ನು ಎತ್ತಿಕೊಂಡೆ. ಅವಳ ಮೀಸೆ ನನ್ನ ಕೊರಳಿಗೆಲ್ಲ ಮೆತ್ತಿತು.

"ಗುಟ್ಟು ಇಟ್ಕೊಳ್ಳಾ, ಬೇಡ್ವಾ?" ಎಂದು ದಾರಿಯಲ್ಲಿ ಕೇಳಿದಳು.

"ಊಟದವರೆಗೂ ಇಟ್ಕೊಂಡಿರು," ಎಂದೆ. ಇನ್ನೂ ನನ್ನೊಳಗೆ ತೀರ್ಮಾನವಾಗಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಬೇಟೆ ಮಧ್ಯಾಹ್ನ ಒಂದು ಗಂಟೆಗೆ ನಿಲ್ಲಬೇಕೆಂಬುದು ಇಲ್ಲಿಯ ಕಾನೂನು. ಅಷ್ಟು ಹೊತ್ತಿಗೆ ಎಲ್ಲರೂ ಮೇಜಿನ ಸುತ್ತ ಇದ್ದರು. ಹಿಂದಿನ ವಾರದ ಹುಂಜದ ಎದೆಮಾಂಸವನ್ನು ಅತ್ತೆ ಕರಿದಿದ್ದರು. ಅವರೆಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ಹಬೆಯಾಡುತ್ತಿದ್ದವು. ಊಟಕ್ಕೆ ಮುಂಚೆ ಮಾವ ಒಬ್ಬೊಬ್ಬರನ್ನೂ ಕೇಳುವುದು ರೂಢಿ.

"ಗಾರ್ಲೆಂಡ್, ಕೋವಿ ಮಾತಾಡ್ತಾ?"

"ನಾನು ಹೋಗೇ ಇಲ್ಲಪ್ಪ. ಈ ಗಾಳೀಲಿ ಯಾವನು ಹೋಗ್ತಾನೆ?"

"ಅಳಿಯಂದಿರೇ, ನಿಮ್ದು?"

ಓಪಲ್ ಎರಡು ಬೆರಳಿನಿಂದ ತುಟಿಗಳನ್ನು ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಗುಟ್ಟು ಕಾಯುವ ಶ್ರಮಕ್ಕೆ ಅವಳ ಕೆನ್ನೆ ಉಬ್ಬಿತ್ತು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ಮಾತಾಡ್ತು ಮಾವ," ಎಂದೆ. "ಏಳು ಹೆಜ್ಜೇಲಿ. ಬೊಂಬೆ ಬರ್ನೀಸ್‌ಗೆ ಬಿತ್ತು."

ಗಾರ್ಲೆಂಡ್ ನಿಧಾನಕ್ಕೆ ಎದ್ದು, ಜಗುಲಿಗೆ ಹೋಗಿ, ಗಾಳಿಗೆ ಮುಖ ಕೊಟ್ಟು ಹುಂಜದಂತೆ ಗೊಳಗೊಳ ಕೂಗಿ, ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಬಂದ.

"ಏಳು ಹೆಜ್ಜೆ," ಎಂದ. "ಭಾವ, ಇನ್ನೊಂದ್ ಸಲ ಹೇಳಿ. ನನ್ ಕಿವಿ ತಂಪಾಗ್ಲಿ."

"ಏಳು," ಎಂದಳು ಲಿನೆಟ್, ನಗು ತಡೆಯಲಾರದೆ. "ನನ್ನನ್ನ ಹಂಗಿಸಿದ್ದು ಇಪ್ಪತ್ತು ಹೆಜ್ಜೆಗೆ ತಪ್ಪಿದ್ದಕ್ಕೆ."

ನಾನು ಕಪಾಟಿನಿಂದ ಕತ್ತರಿ ತೆಗೆದೆ. ಯಾರಿಗೆ ಕೊಡುವುದು ಎಂದು ಸುತ್ತ ನೋಡಿದೆ. ಆ ಕೋಣೆಯಲ್ಲಿ ಒಮ್ಮೆಯೂ ಗುರಿ ತಪ್ಪದವರು ಒಬ್ಬರೇ ಉಳಿದಿದ್ದರು, ಅವರಿಗೆ ಆರು ವರ್ಷ. ಓಪಲ್ ಎರಡೂ ಕೈಯಲ್ಲಿ ಕತ್ತರಿ ಹಿಡಿದಳು, ಅವಳ ಕೈ ಮೇಲೆ ಅತ್ತೆ ಕೈಯಿಟ್ಟರು. ನಾನು ಬೆನ್ನು ತಿರುಗಿಸಿ ನಿಂತೆ.

"ಮೊದ್ಲು ಭಾಷಣ," ಎಂದಳು ಓಪಲ್. "ಗಾರ್ಲೆಂಡ್ ಮಾವ ಮಾಡ್ಲಿ. ಎಲ್ಲರಿಗಿಂತ ಜಾಸ್ತಿ ಬಹುಮಾನ ಬಂದಿರೋದು ಅವರಿಗೇ."

ಗಾರ್ಲೆಂಡ್ ಬಾಯಿ ತೆರೆದವನು ಹಾಗೇ ನಿಂತ. ಹದಿಮೂರು ವರ್ಷದಿಂದ ಕಾದಿಟ್ಟುಕೊಂಡ ಭಾಷಣ ಅವನ ನಾಲಿಗೆಯ ತುದಿಯಲ್ಲಿತ್ತು. ಅವನು ಅವಳನ್ನು ನೋಡಿದ, ಗೋಡೆಯ ಕಡೆ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಎದೆ ಸೆಟೆಸಿ ಅಂಗಿಯ ಗುಂಡಿ ಸರಿಮಾಡಿಕೊಂಡ.

"ನಮ್ ಭಾವ," ಎಂದ, "ಇದಕ್ಕೋಸ್ಕರ ಬಹಳ ವರ್ಷ ಕಷ್ಟ ಪಟ್ಟಿದಾರೆ. ನಮಗೆಲ್ಲ ಸುಲಭವಾಗಿ ಬಂತು. ಅವರಿಗೆ ಸುಲಭವಾಗಿ ಬರ್ಲಿಲ್ಲ. ಅಷ್ಟೇ ನಾನು ಹೇಳೋದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಾರ್ಲೆಂಡ್‌ನ ಬಗ್ಗೆ ನಾನು ಆಡಿದ ಎಲ್ಲ ಭಾಷಣಗಳೂ ನೆನಪಾಗಿ ಕಿವಿ ಬಿಸಿಯಾಯಿತು. ಕತ್ತರಿ ಕಚ್ ಎಂದಿತು. ಓಪಲ್ ಅಂಗಿಯ ಅರ್ಧ ಬೆನ್ನನ್ನೇ ಕತ್ತರಿಸಿದ್ದಳು.

ಲಿನೆಟ್ ಅದರ ಮೇಲೆ 'ಲೊವೆಲ್' ಎಂದು ನನ್ನ ಹೆಸರನ್ನೂ ಇಸವಿಯನ್ನೂ ಬರೆದಳು. ಎಲ್ಲರೂ ಜಗುಲಿಗೆ ಬಂದೆವು. ನಾನು ಸುತ್ತಿಗೆ, ಮೊಳೆ ಹುಡುಕುತ್ತಿದ್ದೆ.

"ಸುತ್ತಿಗೆ ಬೇಡ," ಎಂದರು ಮಾವ. "ಮೊಳೆ ಇದೆ."

ಅವರು ಲಿನೆಟ್‌ಳ ಬಟ್ಟೆಯ ಪಕ್ಕದಲ್ಲಿ ಬೆರಳಿಟ್ಟು ತೋರಿಸಿದರು. ಬಟ್ಟೆಗಳ ನಡುವೆ ಒಂದು ಬಟ್ಟೆಯಗಲದ ಖಾಲಿ ಜಾಗ, ಅದರಲ್ಲಿ ತುಕ್ಕು ಹಿಡಿದ ಒಂದು ಮೊಳೆ.

"ನಿಮ್ ಮದುವೆ ವಾರ ಹೊಡೆದದ್ದು," ಎಂದರು. "ಮುಂದಿನ ವರ್ಷಾನೇ ಬರ್ತೀರ ಅಂದ್ಕೊಂಡಿದ್ದೆ. ಬಹಳ ಕಾಯ್ಸಿದ್ರಿ ಅಳಿಯಂದಿರೇ."

ನನಗೆ ಅಳು ಬಂತು, ಎಲ್ಲರೆದುರಿಗೇ ಬಂತು. ಯಾರೂ ಹಂಗಿಸಲಿಲ್ಲ. ಓಪಲ್ ಕುರ್ಚಿ ಹತ್ತಿ ಬಟ್ಟೆಯನ್ನು ಮೊಳೆಗೆ ಚುಚ್ಚಿ, ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು. ಸರಿಯಾಗಿದೆಯೇ ಎಂದು ಇನ್ನೊಮ್ಮೆ ಓದಿದಳು. ಆಮೇಲೆ ಅತ್ತೆ ಸಾರು ಆರುತ್ತದೆ ಎಂದು ಎಲ್ಲರನ್ನೂ ಒಳಗೆ ಅಟ್ಟಿದರು. ನಾನು ಹರಕು ಅಂಗಿಯಲ್ಲಿ, ಗಾರ್ಲೆಂಡ್‌ನ ಪಕ್ಕದಲ್ಲಿ ಕೂತು, ಎರಡು ಸಲ ಬಡಿಸಿಕೊಂಡು ಉಂಡೆ.